ಚಿಕ್ಕ ಸೋರಿಕೆ ಯಾರಿಗೆ ಚಿಕ್ಕದು?

ಹಳೆಯ ಗಾಡಿ ಇಟ್ಟುಕೊಂಡವರಿಗೆಲ್ಲ ಈ ಅನುಭವ ಉಂಟು. ಬೆಳಿಗ್ಗೆ ಗಾಡಿಯನ್ನು ಹೊರಗೆ ತಳ್ಳಿದರೆ, ಅದು ರಾತ್ರಿಯಿಡೀ ನಿಂತಿದ್ದ ಜಾಗದಲ್ಲಿ ರೂಪಾಯಿ ನಾಣ್ಯದಗಲದ ಎಣ್ಣೆಯ ಕಲೆ ಕಾಣುತ್ತದೆ. ಸಾವಿರಾರು ರೂಪಾಯಿ ಸುರಿದು, ಎಂಜಿನ್ ಬಿಚ್ಚಿಸಿ, ಹೊಸ ಗ್ಯಾಸ್ಕೆಟ್ ಹಾಕಿಸಿ, ಬಣ್ಣ ಬಳಿಸಿ ತಂದಿದ್ದರೂ ಆ ಕಲೆ ಮಾತ್ರ ಮರಳಿ ಬರುತ್ತದೆ. ಮೊದಲ ದಿನ ಸಿಟ್ಟು ಬರುತ್ತದೆ. ಎರಡನೆಯ ವಾರ ಬೇಸರವಾಗುತ್ತದೆ. ಮೂರನೆಯ ತಿಂಗಳಿಗೆ ಅದು ಕಣ್ಣಿಗೇ ಬೀಳುವುದಿಲ್ಲ. ‘ಹಳೇ ಗಾಡಿ ಅಂದಮೇಲೆ ಇಷ್ಟಾದರೂ ಸೋರದಿದ್ದರೆ ಹೇಗೆ?’ ಎಂದು ನಾವೇ ಇತರರಿಗೆ ಸಮಾಧಾನ ಹೇಳತೊಡಗುತ್ತೇವೆ.

ಹೀಗೆ ಸಿಟ್ಟಿನಿಂದ ಸಮಾಧಾನಕ್ಕೆ ಬಂದಾಗ ನಮಗೆ ದಕ್ಕಿದ್ದು ವಿವೇಕವೇ ಅಥವಾ ಬರೀ ರೂಢಿಯೇ? ಒಂದು ಕೊರತೆಯನ್ನು ಸಹಿಸಿಕೊಳ್ಳುವುದು ಯಾವಾಗ ಒಳ್ಳೆಯ ಗುಣ, ಯಾವಾಗ ಸೋಮಾರಿತನ, ಯಾವಾಗ ಅನ್ಯಾಯ? ಬಂಗಾರಪೇಟೆಯ ನಮ್ಮ ಮನೆಯ ಮುಂದೆ ನಿಂತಿದ್ದ ಒಂದು ಹಳೆಯ ಬುಲೆಟ್ ಈ ಪ್ರಶ್ನೆಯನ್ನು ನನ್ನ ಮುಂದಿಟ್ಟಿತು. ಉತ್ತರ ಕಂಡುಕೊಳ್ಳಲು ಐದಾರು ವರ್ಷ ಹಿಡಿಯಿತು. ಆ ಉತ್ತರವೂ ನನಗೆ ಪುಕ್ಕಟೆಯಾಗಿ ಸಿಗಲಿಲ್ಲ.

ಬುಲೆಟ್ ನನ್ನ ಅಬ್ಬಾನದು. 1974ರ ಮಾದರಿ, 350 ಸಿಸಿ. ಅವರು ಕೋಲಾರ ಚಿನ್ನದ ಗಣಿಯ ಪಂಪ್ ವಿಭಾಗದಲ್ಲಿ ಫಿಟ್ಟರ್ ಆಗಿದ್ದರು. ಎಂಬತ್ತರ ದಶಕದಲ್ಲಿ ಗುತ್ತಿಗೆದಾರರೊಬ್ಬರಿಂದ ಸೆಕೆಂಡ್ ಹ್ಯಾಂಡಿನಲ್ಲಿ ಅದನ್ನು ಕೊಂಡಿದ್ದರು. ರಾತ್ರಿ ಗಾಡಿ ನಿಲ್ಲಿಸಿದ ಕೂಡಲೇ ಎಂಜಿನ್ ಕೆಳಗೆ ಬಿಸ್ಕತ್ ಡಬ್ಬಿಯ ಮುಚ್ಚಳವೊಂದನ್ನು ತಳ್ಳುತ್ತಿದ್ದರು. ಬೆಳಿಗ್ಗೆ ಅದರಲ್ಲಿ ಬಿದ್ದಿದ್ದ ಎಣ್ಣೆಯನ್ನು ಒಂದು ಸೀಸೆಗೆ ಬಗ್ಗಿಸುತ್ತಿದ್ದರು. ಬಾಗಿಲ ಕೀಲಿಗೆ, ಬಾವಿಯ ರಾಟೆಗೆ, ನನ್ನ ಸೈಕಲ್ ಚೈನಿಗೆ ಅದೇ ಎಣ್ಣೆ. ಎಂಜಿನ್ನಿಗೆ ಎಷ್ಟು ಎಣ್ಣೆ ಮತ್ತೆ ತುಂಬಿದೆ ಎಂಬುದನ್ನು ಒಂದು ಪುಟ್ಟ ನೋಟ್‌ಬುಕ್‌ನಲ್ಲಿ ಬರೆದಿಡುತ್ತಿದ್ದರು. ಬಾಲಕನಾಗಿದ್ದ ನನಗೆ ಇದೆಲ್ಲ ಜಿಪುಣತನದಂತೆ ಕಾಣುತ್ತಿತ್ತು.

ಅವರ ಕೆಲಸ ಏನೆಂಬುದು ಅರ್ಥವಾದ ಮೇಲೆಯೇ ಆ ಮುಚ್ಚಳದ ಅರ್ಥವೂ ನನಗೆ ಹೊಳೆದದ್ದು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪೆನಿ ಗಣಿಗಾರಿಕೆಯನ್ನು ಕೈಗೆತ್ತಿಕೊಂಡಂದಿನಿಂದ ಕೆಜಿಎಫ್‌ನಲ್ಲಿ ಭೂಮಿಯೊಳಗೆ ಇಳಿಯುತ್ತಲೇ ಹೋದರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಯಿತು. ಗಣಿ ಎಂದಮೇಲೆ ಬಂಡೆಯ ಬಿರುಕುಗಳಿಂದ ನೀರು ಜಿನುಗುತ್ತಲೇ ಇರುತ್ತದೆ. ಅದನ್ನು ಪೂರ್ತಿ ತಡೆಯಲು ಯಾವ ಎಂಜಿನಿಯರನಿಂದಲೂ ಆಗದು. ಆದ್ದರಿಂದ ನೀರನ್ನು ಒಂದೆಡೆ ಸೇರಿಸಿ, ಹಂತ ಹಂತವಾಗಿ ಮೇಲಕ್ಕೆತ್ತಿ ಹೊರಹಾಕುವುದು ಪಂಪ್ ವಿಭಾಗದ ದಿನನಿತ್ಯದ ಕೆಲಸ. ಹಬ್ಬವಿರಲಿ, ಮುಷ್ಕರವಿರಲಿ, ಪಂಪ್ ನಿಲ್ಲುವಂತಿಲ್ಲ. ಒಂದು ಶತಮಾನಕ್ಕೂ ಹೆಚ್ಚು ಕಾಲ ಆ ಗಣಿ ಸೋರಿಕೆಯೊಂದಿಗೇ ಬದುಕಿತು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚಿತು. ಪಂಪುಗಳು ನಿಂತವು. ಸುರಂಗಗಳಲ್ಲಿ ನೀರು ತುಂಬಿತು. ಸೋರಿಕೆಯ ಪ್ರಮಾಣವೇನೂ ಹೆಚ್ಚಾಗಿರಲಿಲ್ಲ. ಅದನ್ನು ನೋಡಿಕೊಳ್ಳುವವರು ಇಲ್ಲವಾದರು, ಅಷ್ಟೇ.

ಗಣಿ ಮುಚ್ಚಿದ ಮೇಲೆ ನಾವು ಬಂಗಾರಪೇಟೆಗೆ ಬಂದೆವು. ಮಾರಿಕುಪ್ಪಂನಿಂದ ಬರುವ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವ ಸಾವಿರಾರು ಜನರಲ್ಲಿ ನಾನೂ ಒಬ್ಬನಾದೆ. 2009ರಲ್ಲಿ ಅಬ್ಬಾ ತೀರಿಕೊಂಡರು. ಬುಲೆಟ್ ಗೋಣಿಚೀಲ ಹೊದ್ದು ಮೂಲೆ ಸೇರಿತು. 2018ರಲ್ಲಿ ಕೈಯಲ್ಲಿ ಸ್ವಲ್ಪ ಹಣ ಕೂಡಿದಾಗ ಅದನ್ನು ಮೊದಲಿನಂತೆ ಮಾಡಿಸಬೇಕೆಂಬ ಆಸೆ ಹುಟ್ಟಿತು. ಆಂಡರ್ಸನ್‌ಪೇಟೆಯ ಹಿರಿಯ ಮೆಕ್ಯಾನಿಕ್ ಒಬ್ಬರಿಗೆ ಒಪ್ಪಿಸಿದೆ. ನಾಲ್ಕು ತಿಂಗಳು ಹಿಡಿಯಿತು, ಅರವತ್ತು ಸಾವಿರ ದಾಟಿತು. ಗಾಡಿ ಮದುಮಗನಂತೆ ಹೊಳೆಯುತ್ತ ಮನೆಗೆ ಬಂತು. ಒಂಬತ್ತನೆಯ ದಿನ ಬೆಳಿಗ್ಗೆ ನೆಲದ ಮೇಲೆ ಅದೇ ಕಲೆ.

ಓಡಿಹೋಗಿ ಕೇಳಿದೆ. ಅವರು ನಕ್ಕರು. ‘ತಂಬಿ, ಇದರ ಕೆಳಗೆ ಎಣ್ಣೆ ಕಾಣಿಸಿದರೆ ಒಳಗೆ ಎಣ್ಣೆ ಇದೆ ಅಂತ ಅರ್ಥ. ಕಾಣಿಸದಿದ್ದರೆ ಆಗ ಹೆದರಬೇಕು’ ಎಂದರು. ಬುಲೆಟ್ ಸವಾರರ ನಡುವೆ ಬಹಳ ಹಳೆಯ ಜೋಕು ಇದು. ಆದರೆ ನಗಿಸಿದ ಮೇಲೆ ಅವರು ಕಾರಣವನ್ನೂ ಬಿಡಿಸಿ ಹೇಳಿದರು. ಹಳೆಯ ಬುಲೆಟ್ಟಿನ ಎಡಗಡೆಯ ಚೈನ್ ಕೇಸಿನ ದೊಡ್ಡ ಮುಚ್ಚಳವನ್ನು ಹಿಡಿದಿರುವುದು ನಡುವಿನ ಒಂದೇ ಒಂದು ನಟ್ಟು. ಸುತ್ತಲೂ ಒಂದು ರಬ್ಬರ್. ನಟ್ಟನ್ನು ಕಡಿಮೆ ಬಿಗಿದರೆ ಎಣ್ಣೆ ಸೋರುತ್ತದೆ, ಹೆಚ್ಚು ಬಿಗಿದರೆ ಮುಚ್ಚಳ ಸೊಟ್ಟಗಾಗಿ ಇನ್ನೂ ಹೆಚ್ಚು ಸೋರುತ್ತದೆ. ಗೇರ್ ಬಾಕ್ಸ್ ಗಟ್ಟಿ ಗ್ರೀಸಿಗಾಗಿ ಮಾಡಿದ್ದು. ಈಗಿನವರು ಅದಕ್ಕೆ ತೆಳು ಎಣ್ಣೆ ಸುರಿಯುತ್ತಾರೆ, ಅದು ಸಂದಿ ಹುಡುಕಿಕೊಂಡು ಹೊರಬರುತ್ತದೆ. ಎಂಜಿನ್ನಿನ ಒಳಗಿನ ಒತ್ತಡ ಹೊರಹೋಗಲೆಂದು ಇಟ್ಟಿರುವ ಉಸಿರುಗೊಳವೆಯೂ ಗಾಳಿಯ ಜೊತೆಗೆ ಸ್ವಲ್ಪ ಎಣ್ಣೆಯನ್ನು ಉಗುಳುತ್ತದೆ.

ಬುಲೆಟ್ ಒಂದೇ ಅಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಜಾವಾ, ಯೆಜ್ಡಿಗಳಲ್ಲಿ ಕಿಕ್ಕರಿಗೂ ಗೇರಿಗೂ ಒಂದೇ ಲಿವರ್. ಅದು ಹೊರಬರುವ ಜಾಗದಲ್ಲಿ ವರ್ಷಗಳು ಕಳೆದಂತೆ ಗೇರ್ ಎಣ್ಣೆ ಜಿನುಗುತ್ತದೆ. ಅಂಬಾಸಿಡರ್ ಕಾರಿನಲ್ಲಿ ಬಹುಕಾಲ ಇದ್ದ 1489 ಸಿಸಿಯ ಪೆಟ್ರೋಲ್ ಎಂಜಿನ್ನಿನ ಹಿಂಭಾಗದಲ್ಲಿ ಎಣ್ಣೆ ತಡೆಯಲು ಇಂದಿನಂಥ ರಬ್ಬರ್ ಸೀಲ್ ಇರಲಿಲ್ಲ. ಶಾಫ್ಟ್ ತಿರುಗುವಾಗ ಎಣ್ಣೆಯನ್ನು ಒಳಕ್ಕೆ ದೂಡುವ ತಿರುಪಿನ ಗೀರುಗಳಿದ್ದವು, ಅಷ್ಟೇ. ಎಂಜಿನ್ ನಿಂತರೆ ಗೀರುಗಳ ಕೆಲಸವೂ ನಿಂತಿತು. ಹಳೆಯ ವಿಲ್ಲೀಸ್ ಜೀಪಿನ ಮುಂದಿನ ಚಕ್ರದ ಗೋಳಗಳಲ್ಲಿ ಎಣ್ಣೆ ಒರೆಸಲು ಇದ್ದದ್ದು ಫೆಲ್ಟ್ ಬಟ್ಟೆ. ಅಂದಿನ ಕಾರ್ಕು, ಕಾಗದ, ಫೆಲ್ಟುಗಳು ಎಣ್ಣೆಯನ್ನು ಪೂರ್ತಿ ಕಟ್ಟಿಹಾಕುವುದಿಲ್ಲವೆಂದು ಅವನ್ನು ಮಾಡಿದವರಿಗೂ ಗೊತ್ತಿತ್ತು. ಆಗಾಗ ನೋಡಿ ಎಣ್ಣೆ ತುಂಬುವ ಒಬ್ಬ ಮನುಷ್ಯ ಗಾಡಿಯ ಜೊತೆಗೆ ಇದ್ದೇ ಇರುತ್ತಾನೆ ಎಂಬ ನಂಬಿಕೆಯ ಮೇಲೆ ಅವರು ಅದನ್ನು ಕಟ್ಟಿದ್ದರು.

ಹಾಗಾದರೆ ಸೋರಿಕೆಯನ್ನು ಸಂಪೂರ್ಣ ನಿಲ್ಲಿಸಲು ಹಟ ಹಿಡಿದರೇನು? ನಾನೂ ಹಿಡಿದೆ. ಬೇರೊಂದು ಕಡೆ ಒಯ್ದು ಎಲ್ಲ ಕೀಲುಗಳಿಗೂ ಪೇಸ್ಟ್ ಮೆತ್ತಿಸಿದೆ, ಬೋಲ್ಟುಗಳನ್ನು ಬಿಗಿಸಿದೆ. ಒಂದು ಬೋಲ್ಟಿನ ಮರೆಗಳು ಅಲ್ಯೂಮಿನಿಯಂ ಕೇಸಿನಿಂದಲೇ ಕಿತ್ತು ಬಂದವು. ಒಳಗೆ ಉಕ್ಕಿದ ಪೇಸ್ಟಿನ ಚೂರು ಎಣ್ಣೆಯ ದಾರಿಗೆ ಅಡ್ಡ ಹೋಗಿದ್ದರೆ ಎಂಜಿನ್ ಸುಟ್ಟುಹೋಗುತ್ತಿತ್ತು ಎಂದು ಆಂಡರ್ಸನ್‌ಪೇಟೆಯ ಮೆಕ್ಯಾನಿಕ್ ಬೈದರು. ಹನಿ ಉಳಿಸಲು ಹೋಗಿ ಎಂಜಿನ್ನನ್ನೇ ಕಳೆದುಕೊಳ್ಳುವುದರಲ್ಲಿದ್ದೆ.

ಆದ್ದರಿಂದ ಸಹನೆಯ ಪರವಾಗಿ ಹೇಳಬೇಕಾದದ್ದು ಸಾಕಷ್ಟಿದೆ. ಕುಂದೇ ಇಲ್ಲದ ವಸ್ತು, ಕುಂದೇ ಇಲ್ಲದ ಮನುಷ್ಯ, ಕುಂದೇ ಇಲ್ಲದ ಸಂಬಂಧ ಬೇಕೆಂದು ಹಟ ಹಿಡಿದವರು ಇರುವುದನ್ನೂ ಮುರಿದುಕೊಳ್ಳುವುದನ್ನು ನಾವು ದಿನಾ ನೋಡುತ್ತೇವೆ. ಸೊಸೆಯ ಒಂದು ಮಾತನ್ನು ಸಹಿಸದ ಅತ್ತೆ, ಮಗನ ಎರಡು ಅಂಕಗಳನ್ನು ಸಹಿಸದ ತಂದೆ, ಗೆಳೆಯನ ಒಂದು ಮರೆವನ್ನು ಸಹಿಸದ ಗೆಳೆಯ ಮಾಡುವುದು ಬೋಲ್ಟನ್ನು ಅತಿಯಾಗಿ ಬಿಗಿಯುವ ಕೆಲಸವನ್ನೇ. ವಯಸ್ಸಾದ ತಂದೆತಾಯಿಯರ ಕೈ ನಡುಗಿ ಚಹಾ ಚೆಲ್ಲುತ್ತದೆ. ಅದಕ್ಕಾಗಿ ಅವರನ್ನು ಗದರಿಸುವುದಿಲ್ಲ. ಒಂದು ತಟ್ಟೆಯ ಮೇಲೆ ಲೋಟವಿಟ್ಟು ಕೊಡುತ್ತೇವೆ. ಇಷ್ಟರಮಟ್ಟಿಗೆ ಸೋರಿಕೆಯೊಂದಿಗೆ ಬದುಕಲು ಕಲಿಯುವುದು ದೊಡ್ಡತನವೇ ಸರಿ.

ಆದರೆ ನಾನು ಇಲ್ಲಿಯೇ ಎಡವಿದೆ. ಸಹನೆಯನ್ನು ಕಲಿತೆ, ತಟ್ಟೆಯನ್ನು ಮರೆತೆ. ನಿಜ ಹೇಳಬೇಕೆಂದರೆ ಮರೆಯಲೂ ಇಲ್ಲ. ಅಷ್ಟು ಹಣ ಹಾಕಿ ಹೊಸದಾಗಿಸಿದ ಗಾಡಿಯ ಕೆಳಗೆ ಹಳೆಯ ಡಬ್ಬಿಯ ಮುಚ್ಚಳ ಇಡುವುದು ನನಗೆ ಅವಮಾನವೆನಿಸಿತು. ನೋಡಲು ಬಂದವರ ಮುಂದೆ ನನ್ನ ಗಾಡಿಗೂ ಈ ರೋಗವಿದೆ ಎಂದು ಒಪ್ಪಿಕೊಂಡಂತಾಗುತ್ತಿತ್ತು. ರಾತ್ರಿಗೆ ಹತ್ತು ಹನಿ, ಅದೇನು ಮಹಾ ಎಂದುಕೊಂಡೆ.

ಬಂಗಾರಪೇಟೆಯಲ್ಲಿ ನಮಗೂ ಪಕ್ಕದ ಮನೆಯವರಿಗೂ ಸೇರಿ ನೆಲಮಟ್ಟದಲ್ಲಿ ಒಂದು ನೀರಿನ ಸಂಪು ಇದೆ. ಕೋಲಾರ ಜಿಲ್ಲೆಯಲ್ಲಿ ನೀರಿನ ಬೆಲೆ ಏನೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಸಾವಿರ ಅಡಿಗೂ ಕೆಳಗೆ ಹೋದರೂ ಬರಿದಾಗುವ ಕೊಳವೆಬಾವಿಗಳ ನಾಡು ಇದು. ಬೆಂಗಳೂರಿನ ಚರಂಡಿ ನೀರನ್ನು ಶುದ್ಧೀಕರಿಸಿ 2018ರಿಂದ ಇಲ್ಲಿನ ಕೆರೆಗಳಿಗೆ ಹರಿಸಬೇಕಾಗಿ ಬಂತೆಂದರೆ ನಮ್ಮ ಸ್ಥಿತಿಯನ್ನು ಊಹಿಸಬಹುದು. ನಮ್ಮ ಸಂಪಿಗೆ ಬಹುಪಾಲು ಟ್ಯಾಂಕರ್ ನೀರು. ಗಾಡಿ ನಿಲ್ಲುತ್ತಿದ್ದ ಜಾಗದಿಂದ ಸಂಪಿನ ಮುಚ್ಚಳಕ್ಕೆ ಏಳೆಂಟು ಅಡಿ ದೂರ, ಸ್ವಲ್ಪ ಇಳಿಜಾರು. ಅಕ್ಟೋಬರಿನ ಒಂದು ರಾತ್ರಿ ಜೋರು ಮಳೆ ಸುರಿಯಿತು. ಬೆಳಿಗ್ಗೆ ಪಕ್ಕದ ಮನೆಯ ಅಮ್ಮ ಒಂದು ಬಕೆಟ್ ಹಿಡಿದು ಬಂದರು. ‘ಇದೇನು ನೋಡಪ್ಪಾ’ ಎಂದರು. ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣಗಳ ತೆಳು ಪೊರೆ ಹರಡಿತ್ತು.

ಅದೇನೆಂದು ನನಗೆ ನೋಡಿದ ಕ್ಷಣವೇ ತಿಳಿಯಿತು. ನನ್ನ ಮುಖ ನೋಡಿ ಅವರಿಗೂ ತಿಳಿದಿರಬೇಕು. ಆದರೂ ಅವರೇ, ‘ನಿನ್ನ ಗಾಡೀದಲ್ಲ ಬಿಡು, ರೋಡಿಂದ ಹರಿದು ಬಂದಿರಬೇಕು, ಲಾರಿಗಳು ಓಡಾಡ್ತಾವಲ್ಲ’ ಎಂದರು. ನಾನು ತಪ್ಪಿಸಿಕೊಳ್ಳಲು ಬೇಕಾದ ನೆಪವನ್ನು ಅವರೇ ನನ್ನ ಕೈಗೆ ಕೊಟ್ಟಿದ್ದರು. ಒಂದು ಗಳಿಗೆ ಅದನ್ನು ಹಿಡಿದುಕೊಳ್ಳುವ ಮನಸ್ಸೂ ಆಯಿತು. ಆಮೇಲೆ, ‘ಇಲ್ಲಮ್ಮ, ನನ್ನದೇ’ ಎಂದೆ. ಸಂಪು ಖಾಲಿ ಮಾಡಿಸಿ, ಉಜ್ಜಿ ತೊಳೆಸಿ, ಹೊಸ ಟ್ಯಾಂಕರ್ ಹಾಕಿಸಿದೆ. ಖರ್ಚಿಗಿಂತಲೂ ಹೆಚ್ಚಾಗಿ ನನ್ನನ್ನು ಕಾಡಿದ್ದು ಇನ್ನೊಂದು. ಅಷ್ಟು ತಿಂಗಳು ನಾನು ಯಾವುದನ್ನು ಚಿಕ್ಕ ಸೋರಿಕೆ ಎಂದು ಕರೆಯುತ್ತಿದ್ದೆನೋ ಅದನ್ನು ಅಳೆದದ್ದು ಎಂಜಿನ್ನಿನ ಕಡೆಯಿಂದ. ಎಂಜಿನ್ನಿಗೆ ಅದು ಚಿಕ್ಕದೇ. ಎರಡು ಲೀಟರಿಗೂ ಹೆಚ್ಚು ಎಣ್ಣೆಯಲ್ಲಿ ಹತ್ತು ಹನಿ ಹೋದರೆ ಅದಕ್ಕೆ ಏನೂ ಆಗದು. ಆದರೆ ಬಕೆಟ್ಟಿನ ಕಡೆಯಿಂದ ಅಳೆದರೆ? ಕುಡಿಯುವ ನೀರಿಗೆ ಒಂದು ಹನಿಯೇ ಸಾಕು.

ಅಂದು ರಾತ್ರಿ ಲೆಕ್ಕ ಹಾಕಿದೆ. ಒಂದು ಮಿಲಿಲೀಟರಿಗೆ ಇಪ್ಪತ್ತೈದು ಹನಿ ಎಂದು ಹಿಡಿದರೂ, ರಾತ್ರಿಗೆ ಹತ್ತು ಹನಿಯಂತೆ ವರ್ಷಕ್ಕೆ ಸುಮಾರು 146 ಮಿಲಿಲೀಟರ್. ಒಂದು ದೊಡ್ಡ ಲೋಟ ಚಹಾದಷ್ಟು. ಆ ಎಣ್ಣೆಯನ್ನು ಒಂದೇ ಸಲಕ್ಕೆ ಲೋಟದಲ್ಲಿ ತಂದು ಸಂಪಿನ ಪಕ್ಕ ಸುರಿ ಎಂದರೆ ನಾನು ಸುರಿಯುತ್ತಿದ್ದೆನೇ? ಖಂಡಿತ ಇಲ್ಲ. ಹನಿಹನಿಯಾಗಿ ಹೋದದ್ದಕ್ಕೆ ನನ್ನ ಆತ್ಮಸಾಕ್ಷಿ ಸುಮ್ಮನಿತ್ತು. ಬಳಸಿದ ಎಂಜಿನ್ ಎಣ್ಣೆಯನ್ನು ನಮ್ಮ ದೇಶದ ಕಾನೂನು ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲಿಟ್ಟಿದೆ. ಕಾನೂನಿನ ಕಣ್ಣು ಕಾರ್ಖಾನೆ, ಗ್ಯಾರೇಜುಗಳ ಪೀಪಾಯಿಗಳ ಮೇಲಿರುತ್ತದೆ. ಹನಿಯನ್ನು ನೋಡಬೇಕಾದವರು ನಾವೇ.

ಇಲ್ಲಿ ದ್ರವಗಳ ನಡುವಿನ ವ್ಯತ್ಯಾಸವನ್ನೂ ಹೇಳಲೇಬೇಕು. ‘ಹಳೇ ಗಾಡಿ ಸೋರುತ್ತೆ’ ಎಂಬ ಒಂದೇ ಮಾತಿನ ಅಡಿಯಲ್ಲಿ ಎಲ್ಲವನ್ನೂ ಕ್ಷಮಿಸಲು ಬರುವುದಿಲ್ಲ. ಎಂಜಿನ್ ಎಣ್ಣೆ, ಗೇರ್ ಎಣ್ಣೆ ನಿಧಾನಕ್ಕೆ ಜಿನುಗಿದರೆ ಗಮನವಿಟ್ಟು ತುಂಬುತ್ತ ಹೋಗಬಹುದು. ಪೆಟ್ರೋಲ್ ಜಿನುಗಿದರೆ ಅದು ಬೆಂಕಿ. ಜೀಪು, ಕಾರುಗಳ ಬ್ರೇಕ್ ಆಯಿಲ್ ಒಂದು ಹನಿ ಹೊರಬಂದರೂ ಗಾಡಿ ಮನೆ ಬಿಡಬಾರದು. ಏಕೆಂದರೆ ಆ ಹನಿಯ ಬೆಲೆ ತೆರುವವನು ರಸ್ತೆ ದಾಟುತ್ತಿರುವ ಯಾವುದೋ ಮಗು. ಬುಲೆಟ್ಟಿನಲ್ಲಿ ಬ್ರೇಕ್ ಆಯಿಲ್ ಇಲ್ಲದಿರಬಹುದು. ಆದರೆ ಚೈನ್ ಕೇಸಿನ ಎಣ್ಣೆ ಗಾಳಿಗೆ ಹಿಂದಕ್ಕೆ ಹಾರಿ ಟೈರನ್ನು ತಲುಪಿದರೆ ಅದೂ ಅಷ್ಟೇ ಅಪಾಯ. ಯಾವುದು ಸಣ್ಣ ದೋಷ ಎಂಬುದನ್ನು ಹನಿಯ ಗಾತ್ರ ನಿರ್ಧರಿಸುವುದಿಲ್ಲ. ಅದು ಎಲ್ಲಿ ಬೀಳುತ್ತದೆ, ಯಾರ ಮೇಲೆ ಬೀಳುತ್ತದೆ ಎಂಬುದು ನಿರ್ಧರಿಸುತ್ತದೆ.

ಕೆಜಿಎಫ್‌ನಲ್ಲಿ ಹುಟ್ಟಿ ಬೆಳೆದವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಚಿನ್ನ ಬೇರ್ಪಡಿಸಿದ ಮೇಲೆ ಉಳಿದ ಪುಡಿಮಣ್ಣನ್ನು ಊರಿನ ಸುತ್ತ ಗುಡ್ಡವಾಗಿ ಸುರಿಯುತ್ತ ಹೋದರು. ಜನ ಅದನ್ನು ಸೈನೈಡ್ ದಿಬ್ಬ ಎನ್ನುತ್ತಾರೆ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಮತ್ತೆ ಗಣಿಗಾರಿಕೆಗೆ ಒಪ್ಪಿಗೆ ಕೊಟ್ಟದ್ದು ಇಂಥ 13 ದಿಬ್ಬಗಳಿಗೆ. ಅವು ಸಾವಿರ ಎಕರೆಗೂ ಹೆಚ್ಚು ಜಾಗ ಆವರಿಸಿವೆ, ಅವುಗಳಲ್ಲಿ ಮೂರು ಕೋಟಿ ಟನ್ನಿಗೂ ಹೆಚ್ಚು ಮಣ್ಣಿದೆ. ಗಾಳಿ ಎದ್ದರೆ ಆ ಬೂದುಬಣ್ಣದ ಧೂಳು ಮನೆಯ ಅಕ್ಕಿಡಬ್ಬಿಯವರೆಗೂ ಬರುತ್ತಿತ್ತು. ಒಣಹಾಕಿದ ಬಟ್ಟೆಯ ಮೇಲೆ ಕೂರುತ್ತಿತ್ತು. ಮಕ್ಕಳು ಕೆಮ್ಮುತ್ತಿದ್ದರು. ಕಂಪೆನಿಯ ಲೆಕ್ಕಪುಸ್ತಕದಲ್ಲಿ ಈ ಧೂಳಿಗೆ ಒಂದು ಸಾಲಾದರೂ ಇದ್ದೀತೇ? ಸುಮಾರು 120 ವರ್ಷಗಳಲ್ಲಿ 800 ಟನ್ನಿಗೂ ಹೆಚ್ಚು ಚಿನ್ನ ಹೋದ ದಾರಿಯ ಲೆಕ್ಕವಿದೆ. ಧೂಳು ಬಂದು ಕುಳಿತ ಮನೆಗಳ ಲೆಕ್ಕ ಯಾರ ಬಳಿಯೂ ಇಲ್ಲ.

ಒಂದು ಬುಲೆಟ್ಟಿನ ಹತ್ತು ಹನಿಗೂ ಮೂರು ಕೋಟಿ ಟನ್ ಮಣ್ಣಿಗೂ ಎಲ್ಲಿಯ ಹೋಲಿಕೆ ಎಂದು ಓದುಗರು ಕೇಳಬಹುದು. ದೊಡ್ಡವರು ಅಷ್ಟು ಮಾಡಿ ಹೋಗಿರುವಾಗ ಬಡವನ ಹನಿಯನ್ನೇಕೆ ಎಣಿಸಬೇಕು ಎಂಬ ಪ್ರಶ್ನೆಯಲ್ಲಿ ನ್ಯಾಯವಿದೆ. ಪ್ರಮಾಣದಲ್ಲಿ ಎರಡೂ ಒಂದೇ ಎಂದು ನಾನು ಹೇಳುವುದಿಲ್ಲ, ಹೊಣೆಯೂ ಒಂದೇ ಅಲ್ಲ. ಆದರೆ ಎರಡರ ಹಿಂದೆಯೂ ಇರುವ ತರ್ಕ ಒಂದೇ. ನನ್ನಿಂದ ಹೊರಹೋದದ್ದು ನನಗೆ ನಷ್ಟವಲ್ಲದಿದ್ದರೆ ಅದು ನಷ್ಟವೇ ಅಲ್ಲ ಎಂಬ ತರ್ಕ ಅದು. ದೊಡ್ಡವರ ಆ ತರ್ಕವನ್ನು ಪ್ರಶ್ನಿಸಬೇಕೆಂದರೆ ನನ್ನ ಮನೆಯ ಮುಂದೆ ಅದೇ ತರ್ಕವನ್ನು ನಾನು ಸಾಕಿಕೊಂಡಿರಬಾರದು.

ಧರ್ಮವೂ ಇಲ್ಲಿ ಒಂದು ಸ್ಪಷ್ಟ ಗೆರೆ ಎಳೆದಿದೆ. ದೇವನಿಗೆ ಸಂಬಂಧಿಸಿದ ಲೋಪವನ್ನು ಅವನು ತನ್ನ ಕರುಣೆಯಿಂದ ಮನ್ನಿಸಬಹುದು. ಆದರೆ ಮನುಷ್ಯರ ಹಕ್ಕಿಗೆ ಮಾಡಿದ ಚ್ಯುತಿಯನ್ನು ಆ ಮನುಷ್ಯರೇ ಮನ್ನಿಸಬೇಕು ಎಂದು ನಮ್ಮ ಹಿರಿಯರು ಕಲಿಸಿದ್ದಾರೆ. ಇದನ್ನು ಬೇರೆ ನಂಬಿಕೆಯವರೂ, ನಂಬಿಕೆಯೇ ಇಲ್ಲದವರೂ ಒಪ್ಪುತ್ತಾರೆ. ನಷ್ಟ ಯಾರಿಗೋ, ಕ್ಷಮಿಸುವ ಅಧಿಕಾರವೂ ಅವರಿಗೇ. ನನ್ನ ಎಣ್ಣೆ ವ್ಯರ್ಥವಾದರೆ ನಾನು ಸಹಿಸಿಕೊಳ್ಳಬಹುದು, ಅದು ನನ್ನ ಸಹನೆ. ಪಕ್ಕದ ಮನೆಯವರ ನೀರು ಕೆಟ್ಟದ್ದನ್ನು ನಾನು ‘ಸಹಿಸಿಕೊಂಡೆ’ ಎಂದರೆ ಅದಕ್ಕೆ ಸಹನೆ ಎಂಬ ಹೆಸರು ಸಲ್ಲುವುದಿಲ್ಲ.

ಈ ಪಾಠ ಕಲಿತೆನೆಂದುಕೊಂಡಿದ್ದಾಗಲೇ ಇನ್ನೊಂದು ಪರೀಕ್ಷೆ ಎದುರಾಯಿತು. ಮಗಳ ಕಾಲೇಜು ಶುಲ್ಕಕ್ಕೆ ಹಣ ಹೊಂದಿಸಬೇಕಾಗಿ ಬಂದು ಕಳೆದ ವರ್ಷ ಬುಲೆಟ್ ಮಾರಲು ನಿರ್ಧರಿಸಿದೆ. 2021ರಲ್ಲಿ ಕೇಂದ್ರ ಸರಕಾರ ತಂದ ನಿಯಮದ ಪ್ರಕಾರ ಐವತ್ತು ವರ್ಷ ದಾಟಿ, ಮೂಲ ರೂಪದಲ್ಲೇ ಉಳಿದಿರುವ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹಾಗಾಗಿ ಇಂಥ ಗಾಡಿಗಳನ್ನು ಹುಡುಕಿಕೊಂಡು ಬರುವವರಿದ್ದಾರೆ. ಬೆಂಗಳೂರಿನ ಯುವಕನೊಬ್ಬ ಭಾನುವಾರ ಬರುತ್ತೇನೆಂದ. ಗಾಡಿ ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್, ‘ತಂಬಿ, ಶನಿವಾರ ತಂದುಬಿಡು. ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿಕೊಡ್ತೀನಿ. ಅವನು ಬರುವ ಅರ್ಧ ಗಂಟೆ ಮುಂಚೆ ಹೊರಗೆ ನಿಲ್ಲಿಸು. ಒಂದು ಹನಿಯೂ ಕಾಣಲ್ಲ’ ಎಂದರು. ಅವರು ಕೆಟ್ಟವರಲ್ಲ. ಹಳೆಯ ಗಾಡಿಗಳ ಪೇಟೆಯಲ್ಲಿ ಎಲ್ಲರೂ ಮಾಡುವುದನ್ನೇ, ನನ್ನ ಕಷ್ಟ ನೋಡಿ, ನನ್ನ ಒಳ್ಳೆಯದಕ್ಕೇ ಹೇಳಿದ್ದರು. ‘ಕೊಳ್ಳುವವನಿಗೂ ಗೊತ್ತಿರುತ್ತೆ, ಬುಲೆಟ್ ಸೋರುತ್ತೆ ಅಂತ’ ಎಂದೂ ಸೇರಿಸಿದರು.

ಮದೀನಾದ ಪೇಟೆಯ ಪ್ರಸಂಗ ನೆನಪಾಯಿತು. ಪ್ರವಾದಿಯವರು ಧಾನ್ಯದ ರಾಶಿಯೊಂದರೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಗಲಿತು. ಮಳೆಯಿಂದ ನೆನೆಯಿತೆಂದು ವ್ಯಾಪಾರಿ ಹೇಳಿದ. ಮಳೆ ಬಂದದ್ದು ಅವನ ತಪ್ಪಾಗಿರಲಿಲ್ಲ. ನೆನೆದದ್ದನ್ನು ಮೇಲೆ, ಜನರ ಕಣ್ಣಿಗೆ ಕಾಣುವಂತೆ ಏಕೆ ಇಡಲಿಲ್ಲ ಎಂಬುದಷ್ಟೇ ಪ್ರವಾದಿಯವರ ಪ್ರಶ್ನೆಯಾಗಿತ್ತು. ವಸ್ತುವಿನಲ್ಲಿ ದೋಷವಿರುವುದು ಪಾಪವಲ್ಲ. ಅದನ್ನು ಅಡಿಗೆ ಹಾಕಿ ಒಣಗಿದ್ದನ್ನು ಮೇಲೆ ಹರಡುವುದು ಪಾಪ. ಸೀಮೆಎಣ್ಣೆಯಲ್ಲಿ ತೊಳೆಯುವುದು ಸ್ವಚ್ಛತೆಯೇ ಆದರೂ ಯಾವ ಗಳಿಗೆಯಲ್ಲಿ, ಯಾವ ಉದ್ದೇಶದಿಂದ ತೊಳೆಯುತ್ತೇವೆ ಎಂಬುದರಿಂದ ಅದು ಮೋಸವಾಗುತ್ತದೆ. ಇನ್ನು, ಕೊಳ್ಳುವವನಿಗೆ ಗೊತ್ತಿರುತ್ತದೆ ಎಂಬ ವಾದ. ನಿಜವಾಗಿಯೂ ಗೊತ್ತಿದ್ದರೆ ತೊಳೆಯುವ ಅಗತ್ಯವಾದರೂ ಏನಿತ್ತು?

ಇಷ್ಟೆಲ್ಲ ಯೋಚಿಸಿದರೂ ಶನಿವಾರ ಸಂಜೆಯವರೆಗೆ ನನ್ನ ಮನಸ್ಸು ತೂಗುಯ್ಯಾಲೆಯಂತಿತ್ತು. ಶುಲ್ಕ ಕಟ್ಟುವ ದಿನ ಹತ್ತಿರ ಬರುತ್ತಿತ್ತು. ಕೊನೆಗೆ ಗಾಡಿಯನ್ನು ತೊಳೆಸಲಿಲ್ಲ. ಅಬ್ಬಾನ ಮುಚ್ಚಳವನ್ನು ಒರೆಸಿ ಎಂಜಿನ್ ಕೆಳಗಿಟ್ಟೆ. ಬೆಳಿಗ್ಗೆ ಯುವಕ ಬಂದ. ‘ಅಂಕಲ್, ಆಯಿಲ್ ಲೀಕ್ ಇದೆಯಾ?’ ಎಂದು ಮೊದಲು ಕೇಳಿದ್ದೇ ಅದನ್ನು. ಮುಚ್ಚಳವನ್ನು ಹೊರಗೆಳೆದು ತೋರಿಸಿದೆ. ಎಲ್ಲಿಂದ, ಎಷ್ಟು, ಏಕೆ ಎಂಬುದನ್ನೂ ಹೇಳಿದೆ. ಅವನು ನಯವಾಗಿ, ಯೋಚಿಸಿ ಹೇಳುತ್ತೇನೆಂದು ಹೋದವನು ಮತ್ತೆ ಫೋನ್ ಮಾಡಲಿಲ್ಲ. ಮೂರು ವಾರದ ನಂತರ ಬಂದ ಇನ್ನೊಬ್ಬರು ಕೊಂಡರು, ನಾನು ಕೇಳಿದ್ದಕ್ಕಿಂತ ಇಪ್ಪತ್ತು ಸಾವಿರ ಕಡಿಮೆಗೆ. ಆ ಇಪ್ಪತ್ತು ಸಾವಿರವನ್ನು ಸಾಲ ತಂದು ತುಂಬಿದೆ. ಸತ್ಯ ಹೇಳಿದವನಿಗೆ ಕೊನೆಗೆ ಲಾಭವೇ ಆಗುತ್ತದೆ ಎಂಬ ಕಥೆಗಳನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ನನಗೆ ಆದದ್ದು ನಷ್ಟ. ಲಾಭವಾಗುತ್ತದೆ ಎಂದಿದ್ದರೆ ಸತ್ಯ ಹೇಳುವುದು ಅಷ್ಟು ಕಷ್ಟದ ಕೆಲಸವೂ ಆಗುತ್ತಿರಲಿಲ್ಲ.

ಸೋರಿಕೆಯೊಂದಿಗೆ ಬದುಕುವುದು ತಪ್ಪಲ್ಲ ಎಂದು ನಾನು ಈಗಲೂ ನಂಬುತ್ತೇನೆ. ಹಳೆಯ ಗಾಡಿಯಾಗಲಿ, ಹಳೆಯ ಮನೆಯಾಗಲಿ, ನಾವೇ ಆಗಲಿ, ಸ್ವಲ್ಪವಾದರೂ ಸೋರದೆ ಇರುವುದಿಲ್ಲ. ಆದರೆ ಆ ಬದುಕಿಗೆ ಕೆಲವು ಷರತ್ತುಗಳಿವೆ. ಎಷ್ಟು ಸೋರುತ್ತಿದೆ ಎಂಬ ಲೆಕ್ಕ ನಮಗೆ ಗೊತ್ತಿರಬೇಕು. ಅದು ಬೀಳುವ ಜಾಗದಲ್ಲಿ ನಮ್ಮದೇ ತಟ್ಟೆ ಇರಬೇಕು. ಕೇಳಿದವರಿಗೆ, ಕೇಳದೆ ಇದ್ದರೂ ಸಂಬಂಧಪಟ್ಟವರಿಗೆ, ಅದನ್ನು ತೋರಿಸಬೇಕು. ಮತ್ತು ಅದು ಚಿಕ್ಕದೋ ದೊಡ್ಡದೋ ಎಂಬ ತೀರ್ಪನ್ನು ನಾವೇ ಬರೆದುಕೊಳ್ಳಬಾರದು. ಪಂಪ್ ಮನೆಯ ಫಿಟ್ಟರ್ ಆಗಿದ್ದ ಅಬ್ಬಾ ಇದನ್ನು ಎಂದೂ ಬಾಯಿಬಿಟ್ಟು ಹೇಳಲಿಲ್ಲ, ಪ್ರತಿ ರಾತ್ರಿ ಒಂದು ಮುಚ್ಚಳವನ್ನು ತಳ್ಳಿ ಮಲಗುತ್ತಿದ್ದರು.

ಕೊಂಡವರಿಗೆ ಆ ಮುಚ್ಚಳವನ್ನೂ ಕೊಟ್ಟೆ. ಅವರು ನಗುತ್ತಲೇ ತೆಗೆದುಕೊಂಡರು. ನೋಟ್‌ಬುಕ್ ಮಾತ್ರ ಮನೆಯಲ್ಲಿದೆ. ಗಾಡಿ ನಿಲ್ಲುತ್ತಿದ್ದ ನೆಲವನ್ನು ಮರದ ಹೊಟ್ಟು, ಸೋಪಿನ ಪುಡಿ ಹಾಕಿ ಎರಡು ಮೂರು ಸಲ ಉಜ್ಜಿದೆ. ಆದರೂ ಮಳೆ ಬಂದಾಗ ಒಂದು ಮಸುಕು ಕಲೆ ಏಳುತ್ತದೆ. ಮೊನ್ನೆ ಪಕ್ಕದ ಮನೆಯ ಅಮ್ಮ ನಾನು ಮತ್ತೆ ಉಜ್ಜುತ್ತಿರುವುದನ್ನು ನೋಡಿ, ‘ಸಾಕು ಬಿಡಪ್ಪಾ, ಇಷ್ಟು ಚಿಕ್ಕದಕ್ಕೆ ಯಾಕೆ ಅಷ್ಟು ಒದ್ದಾಡ್ತೀಯ’ ಎಂದರು. ಅವರು ಹೇಳಿದ ಮೇಲೆ ಬ್ರಷ್ ಕೆಳಗಿಟ್ಟೆ.